ಹುಲ್ಲಿನ ಇನ್ನೊಂದು ತುದಿ

ಕೆರೆಯಂಚಿನ ಜಾಲಿಮರದ ಗೀಜಗಗಳು ಉಳಿದ ಹಕ್ಕಿಗಳಿಗೂ ಗೂಡು ನೇಯ್ದು ಕೊಡುತ್ತಿದ್ದವು. ಗೂಡೊಂದಕ್ಕೆ ಹತ್ತು ಕಾಳು ಕೂಲಿ. ಒಂದು ಗೀಜಗ ಹುಲ್ಲಿನ ತುದಿ ಹಿಡಿದರೆ ಮತ್ತೊಂದು ಗಂಟು ಹಾಕುವುದು ಅವುಗಳ ಪದ್ಧತಿ. ಒಂದು ವರ್ಷ ಕಡಲಾಚೆಯ ಕೊಕ್ಕರೆಯೊಂದು ಸಿದ್ಧವಾದ ಗೂಡುಗಳನ್ನು ತಂದು ಒಂದೊಂದು ಕಾಳಿಗೆ ಮಾರತೊಡಗಿತು.

ಮುದಿ ಗೀಜಗ ಕೇಳಿತು: “ಕೊಕ್ಕರೆರಾಯರೇ, ಹಾರಿ ಬರುವ ದಾರಿಯಲ್ಲೇ ನೀವು ನೂರು ಕಾಳು ತಿನ್ನುತ್ತೀರಿ. ಈ ವ್ಯಾಪಾರ ನಿಮಗೆ ಹೇಗೆ ಗಿಟ್ಟುತ್ತದೆ?”

“ನಷ್ಟವನ್ನು ನಮ್ಮ ಒಡೆಯರು ತುಂಬಿಕೊಡುತ್ತಾರೆ.”

“ಎಲ್ಲಿಯವರೆಗೆ?”

“ನೀವು ನೇಯುವುದನ್ನು ಬಿಡುವವರೆಗೆ,” ಎಂದಿತು ಕೊಕ್ಕರೆ.

ಗೀಜಗ ಈ ಮಾತನ್ನು ಹಕ್ಕಿಗಳಿಗೆ ತಿಳಿಸಿ, ಹೊರಗಿನ ಗೂಡಿಗೆ ಸುಂಕ ಹಾಕಿರೆಂದು ಬೇಡಿಕೊಂಡಿತು. ಗುಬ್ಬಿ ನಕ್ಕಿತು. “ನಮಗೆ ಅಗ್ಗವಾಗಿ ಸಿಕ್ಕಿದರೆ ನಿನಗೇಕಣ್ಣ ಹೊಟ್ಟೆಯುರಿ?”

ಕೆಲಸವಿಲ್ಲದ ಗೀಜಗಗಳು ಒಂದೊಂದಾಗಿ ದೂರದ ಗದ್ದೆಗಳಿಗೆ ಕಾಳು ಹೆಕ್ಕಲು ಹೊರಟುಹೋದವು. ಜಾಲಿಮರದಲ್ಲಿ ಮುದಿ ಗೀಜಗವೊಂದೇ ಉಳಿಯಿತು.

ಮರುವರ್ಷ ಮಳೆಗೆ ಮುನ್ನ ಕೊಕ್ಕರೆ ಗೂಡಿಗೆ ಐವತ್ತು ಕಾಳು ಕೇಳಿತು. ಗುಬ್ಬಿ ಜಾಲಿಮರಕ್ಕೆ ಬಂದಿತು.

“ಅಣ್ಣಾ, ಮೊಟ್ಟೆಯಿಡುವ ದಿನ ಹತ್ತಿರವಾಯಿತು. ಇಪ್ಪತ್ತು ಕಾಳು ಕೊಡುತ್ತೇನೆ, ಒಂದು ಗೂಡು ನೇಯ್ದು ಕೊಡು.”

ಗೀಜಗ ಹಸಿಹುಲ್ಲಿನ ಎಳೆಯೊಂದನ್ನು ತಂದು, ಅದರ ತುದಿಯನ್ನು ಹಳೆಯ ಅಭ್ಯಾಸದಂತೆ ಪಕ್ಕದ ಕೊಂಬೆಯತ್ತ ಚಾಚಿತು. ಕೊಂಬೆ ಬರಿದಾಗಿತ್ತು.

“ನಾನೇ ಹಿಡಿಯುತ್ತೇನೆ, ಕೊಡು,” ಎಂದಿತು ಗುಬ್ಬಿ. ಯಾವಾಗ ಬಿಗಿಯಬೇಕು, ಯಾವಾಗ ಸಡಿಲಿಸಬೇಕು ಎಂದು ಅದಕ್ಕೆ ತಿಳಿಯದು, ಎಳೆ ಹರಿಯಿತು.

ಗೀಜಗ ಇನ್ನೊಂದು ಎಳೆಯನ್ನು ತಂದಿತು. ಆಗ ಮಳೆಯ ಮೊದಲ ಹನಿ ಬಿದ್ದಿತು.