ಗುಹೆಯಿಂದ ಬಂದ ಗಂಡ

"ಗುರುಗಳೇ, ಮನುಷ್ಯರ ರೂಪ ತಾಳಿ ಮನೆಯೊಳಗೆ ಬಂದ ಪಿಶಾಚಿಯನ್ನು ಗುರುತಿಸುವುದು ಹೇಗೆ?" ಎಂದು ಶಿಷ್ಯ ಸೋಮಲಿಂಗ ಕೇಳಿದ.

ಗುರುಗಳು ಹೇಳಿದರು:

ಪಡುವಣ ಸಮುದ್ರಗಳ ಆಚೆ ಐರ್ಲೆಂಡ್ ಎಂಬ ದ್ವೀಪವಿದೆ. ಅಲ್ಲಿ ಒಂದು ಊರಿನ ಹೊರಗೆ ಬಹಳ ಹಳೆಯ ಗುಹೆ. ಅದರೊಳಗೆ ಬೇರೊಂದು ಲೋಕವಿದೆ, ಕಾಗೆಯ ರೂಪದ ದೇವತೆ ಅದನ್ನು ಆಳುತ್ತಾಳೆ ಎಂದು ಜನ ನಂಬಿದ್ದರು. ಚಳಿಗಾಲ ಕಾಲಿಡುವ ದಿನ ಮಾತ್ರ ಅದರ ಬಾಗಿಲು ತೆರೆಯುತ್ತದೆ. ಹೊತ್ತು ಮುಳುಗಿದರೆ ಮುಚ್ಚುತ್ತದೆ.

ಅಂಥ ಒಂದು ದಿನ ಒಬ್ಬ ದನಗಾಹಿಯ ಕರು ಗುಹೆಗೆ ನುಗ್ಗಿತು. ಅವನು ಬೈಯುತ್ತಲೇ ಅದರ ಹಿಂದೆ ಒಳಗೆ ಹೋದ. ಸಂಜೆಗೆ ಕರುವನ್ನು ಹಿಡಿದುಕೊಂಡು ಮನೆಗೆ ಬಂದ.

ಅವನು ಮೊದಲಿನಿಂದಲೂ ಮುಂಗೋಪಿ. ಅಂದಿನಿಂದ ಒಂದೂ ಗಡುಸು ಮಾತು ಆಡಲಿಲ್ಲ. ಹೆಂಡತಿಗಿಂತ ಮೊದಲು ಎದ್ದು ನೀರು ತಂದ. ಅವಳು ಮಾತಾಡಿದರೆ ಕಿವಿಗೊಟ್ಟು ಕೇಳಿದ. ಆದರೆ ಉಪ್ಪು ಮುಟ್ಟಲಿಲ್ಲ. ಒಲೆಯ ಹತ್ತಿರ ಕೂರಲಿಲ್ಲ. ಅವನು ಕೊಟ್ಟಿಗೆಗೆ ಬಂದರೆ ದನಗಳು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದವು.

ಇವನು ತನ್ನ ಗಂಡನಲ್ಲ ಎಂದು ಮೂರನೆಯ ದಿನವೇ ಹೆಂಡತಿಗೆ ತಿಳಿಯಿತು. ಒಬ್ಬಳೇ ಕೂತು ಅತ್ತಳು. ಯಾರಿಗೂ ಹೇಳಲಿಲ್ಲ. ಕೆಲವು ದಿನ ಕಳೆದ ಮೇಲೆ ಅಡುಗೆಗೆ ಉಪ್ಪು ಹಾಕುವುದನ್ನು ಬಿಟ್ಟಳು.

ವರ್ಷ ತುಂಬಿತು. ಅದೇ ದಿನ, ಇಳಿಹೊತ್ತಿನಲ್ಲಿ, ಅವಳು ಸೌದೆ ಹೊತ್ತು ಗುಹೆಯ ಮುಂದೆ ಹಾದುಹೋಗುತ್ತಿದ್ದಳು. ಒಳಗಿಂದ ಗಂಡನ ದನಿ ಕೇಳಿತು.

"ನಿನ್ನ ಹೆಜ್ಜೆಯ ಸಪ್ಪಳ ನನಗೆ ಗೊತ್ತು. ಒಂದು ಸಲ ನನ್ನ ಹೆಸರು ಹಿಡಿದು ಕರೆ. ಸಾಕು, ಬಂದುಬಿಡುತ್ತೇನೆ. ಇಲ್ಲಿ ಬಹಳ ಚಳಿ ಕಣೇ."

ಅವಳು ನಿಂತಳು. ಹೆಸರು ನಾಲಿಗೆಯ ತುದಿಗೆ ಬಂತು. ದನಿ ಮೊದಲು ಗದರಿತು. ಆಮೇಲೆ ಬೇಡಿಕೊಂಡಿತು. ಕೊನೆಗೆ ಮಗುವಿನ ಹಾಗೆ ಅತ್ತಿತು. ಅವಳು ಹೊರೆ ಇಳಿಸಿ, ಅದರ ಮೇಲೆ ಕುಳಿತು, ಸೂರ್ಯ ಮುಳುಗುವುದನ್ನೇ ನೋಡುತ್ತಿದ್ದಳು. ದನಿ ನಿಂತಿತು.

ಮನೆಯಲ್ಲಿ ಅವನು ಬಾಗಿಲಿಗೇ ಬಂದು ಕಾಯುತ್ತಿದ್ದ.

"ಗುಹೆಯ ಹತ್ತಿರ ಯಾರಾದರೂ ಇದ್ದರೇ?" ಎಂದು ಮೆಲ್ಲಗೆ ಕೇಳಿದ.

"ಯಾರೂ ಇರಲಿಲ್ಲ" ಎಂದಳು.

ಅವನು ಅವಳ ಮುಖವನ್ನೇ ನೋಡಿದ. ಆ ಅಳು ಅವನಿಗೂ ಕೇಳಿಸಿತ್ತು.

ಗುರುಗಳು ಕತೆ ನಿಲ್ಲಿಸಿದರು. ಸೋಮಲಿಂಗ ತಡೆಯಲಾರದೆ ಕೇಳಿದ: "ಆಮೇಲೆ ಅವನು ಅವಳನ್ನು ಕೊಂದನೇ?"

"ಇಲ್ಲ, ಅಂದಿನಿಂದ ಅವಳ ಪಕ್ಕದಲ್ಲಿ ಕಣ್ಣು ಮುಚ್ಚಲು ಅವನು ಹೆದರಿದ."