ಟೋಕನ್ ಹದಿನೇಳು, ಸಣ್ಣೀರಮ್ಮ

ಒಬ್ಬಳು ತಾಯಿ, ಒಬ್ಬ ಮಗ. ತಾಯಿ ಸಣ್ಣೀರಮ್ಮ, ಅರವತ್ತು ದಾಟಿದೋಳು. ಮಗ ತೋಪಯ್ಯ, ಮೂವತ್ತು ದಾಟಿದ ಪೆದ್ದ. ಪೆದ್ದ ಅಂದ್ರೆ ಕೆಟ್ಟೋನಲ್ಲ ಕಣ್ರಪ್ಪ, ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಅವಳ ಗ್ರಹಚಾರ.

ಡಾಕ್ಟರು ಅವಳನ್ನ ನೋಡಿ, "ಹೊಟ್ಟೆಯೊಳಗಿನ ದೊಡ್ಡ ರಕ್ತನಾಳದಲ್ಲಿ ಕೊಬ್ಬು ಕಟ್ಟಿರಬಹುದು, ಹಂಡೆಗೆ ಕರೆ ಕಟ್ಟೋ ಹಾಗೆ. ಕುಯ್ಯೋದಿಲ್ಲ, ಚುಚ್ಚೋದಿಲ್ಲ, ಹೊಟ್ಟೆ ಮೇಲೆ ಜೆಲ್ ಹಚ್ಚಿ ಸ್ಕ್ಯಾನ್ ಮಾಡ್ತಾರೆ. ದೊಡ್ಡಾಸ್ಪತ್ರೆಗೆ ಹೋಗಮ್ಮ" ಅಂದ್ರು. ಅವಳ ಅಣ್ಣ ಆ ನಾಳ ಒಡೆದೇ ಸತ್ತಿದ್ದ. ಸಾವಿಗೆ ಅವಳೇನೂ ಹೆದರೋಳಲ್ಲ. ತಾನು ಹೋದ್ರೆ ಈ ಪೆದ್ದನಿಗೆ ಅನ್ನ ಹಾಕೋರು ಯಾರು ಅನ್ನೋದೇ ಸಂಕಟ.

ಸ್ಕ್ಯಾನು ಮಂಗಳವಾರ ಮಾತ್ರ. ಟೋಕನ್ ಸೋಮವಾರವೇ ತರಬೇಕು. "ಸಾಲಲ್ಲಿ ನಿಂತ್ಕೊ, ಏನೇ ಆದ್ರೂ ಜಾಗ ಬಿಟ್ಟು ಕದಲಬೇಡ" ಅಂತ ಮಗನನ್ನ ಕಳಿಸಿದಳು.

ನಿಂತ. ಮುಂದಿನವರು ಮುಂದಕ್ಕೆ ಹೋದ್ರು, ಕದಲಲಿಲ್ಲ. ಹಿಂದಿನವರು ಬೈದು ಸುತ್ತಿಕೊಂಡು ಹೋದ್ರು, ಕದಲಲಿಲ್ಲ. ಕಿಟಕಿ ಮುಚ್ಚಿತು, ಬರಿಗೈಲಿ ಬಂದ.

"ಹೆತ್ತ ಹೊಟ್ಟೆ ಉರಿಸ್ತೀಯಲ್ಲೋ. ಮುಂದಿನವನು ಹೆಜ್ಜೆ ಇಟ್ರೆ ನೀನೂ ಇಡಬೇಕು. ಅವನ ಬೆನ್ನು ಬಿಡಬೇಡ."

"ಆಯ್ತವ್ವ."

ಒಂದು ವಾರ ಹೋಯ್ತು. ಮುಂದಿನ ಸೋಮವಾರ ಮುಂದೆ ನಿಂತವನು ಒಬ್ಬ ನೀಲಿ ಟವೆಲಿನವನು. ಅವನು ಟೋಕನ್ ತಗೊಂಡು ಹೋಟೆಲಿಗೆ ಹೋದ, ತೋಪಯ್ಯನೂ ಹೋದ. ಅವನು ಬಸ್ಸು ಹತ್ತಿದ, ತೋಪಯ್ಯನೂ ಹತ್ತಿದ. ಅವನ ಮನೆಯ ನಡುಮನೇಲಿ ಹೋಗಿ ನಿಂತ ಮೇಲೆ, ಅವನ ಹೆಂಡತಿ ಪಾಪ ಅಂತ ಮುದ್ದೆ ಹಾಕಿ ವಾಪಸ್ ಕಳಿಸಿದಳು.

ಸಣ್ಣೀರಮ್ಮ ಹಣೆ ಚಚ್ಕೊಂಡಳು. ಬೈಯೋಕೂ ಉಸಿರು ಸಾಲದು. "ಊರೋರ ಹಿಂದೆ ಹೋಗಬೇಡ ಕಣೋ. ಟೋಕನ್ ಕೊಡೋ ಸಿಸ್ಟರಮ್ಮ ಏನು ಹೇಳ್ತಾರೋ ಅಷ್ಟೇ ಮಾಡು."

"ಆಯ್ತವ್ವ."

ಮೂರನೇ ಸೋಮವಾರ ಟೋಕನ್ ಸಿಕ್ಕೇಬಿಟ್ಟಿತು, ಹದಿನೇಳು. "ನಾಳೆ ಸ್ಕ್ಯಾನ್ ಆಗೋವರೆಗೂ ಏನೂ ತಿನ್ನಬಾರದು" ಅಂದಿದ್ರು ಸಿಸ್ಟರು. ಮಂಗಳವಾರ ಇಬ್ಬರೂ ಖಾಲಿ ಹೊಟ್ಟೇಲಿ ಬಂದ್ರು. "ನಿನಗ್ಯಾಕೋ ಉಪವಾಸ" ಅಂದ್ರೆ, "ಸಿಸ್ಟರಮ್ಮ ನನ್ನ ಮುಖ ನೋಡಿ ಹೇಳಿದ್ದು" ಅಂದ.

ಹನ್ನೊಂದಾದ್ರೂ ಕರೀಲಿಲ್ಲ. ಟೋಕನ್ ಮಗನ ಕೈಗೆ ಕೊಟ್ಟು ಅವಳು ಬಚ್ಚಲಿಗೆ ಹೋದಳು. ಅಷ್ಟರಲ್ಲೇ, "ಹದಿನೇಳು ಯಾರು?"

ತೋಪಯ್ಯ ಟೋಕನ್ ತೋರಿಸಿದ. ಸಿಸ್ಟರು ಪುಸ್ತಕದಿಂದ ತಲೆ ಎತ್ತದೆ, "ಒಳಗೆ ಹೋಗಿ ಮಲ್ಕೊಳ್ಳಿ, ಹೊಟ್ಟೆ ಮೇಲಿನ ಬಟ್ಟೆ ಸರಿಸಿ" ಅಂದ್ರು. ಹೋದ, ಮಲಗಿದ, ಸರಿಸಿದ. ಕತ್ತಲ ಕೋಣೆ. ಒಳಗಿದ್ದ ಡಾಕ್ಟರು ಟೀವಿಯಂಥ ಪರದೆ ನೋಡಿದರೇ ಹೊರತು ಮುಖ ನೋಡಲಿಲ್ಲ.

ಸಣ್ಣೀರಮ್ಮ ಬರೋ ಹೊತ್ತಿಗೆ ಮಗ ಹೊಟ್ಟೆ ಒರೆಸಿಕೊಳ್ತಾ ಹೊರಗೆ ಬರ್ತಿದ್ದ. "ಅವ್ವಾ, ನಿನ್ನ ಹೆಸರಲ್ಲೇ ಚೀಟಿ ಕೊಟ್ರು. ನಾಳ ಕನ್ನಡಿ ಹಾಗಿದೆಯಂತೆ, ಇನ್ನೂ ಐವತ್ತು ವರ್ಷ ಭಯ ಇಲ್ವಂತೆ."

ಐವತ್ತು ವರ್ಷ. ಅವಳು ಗೋಡೆ ಹಿಡ್ಕೊಂಡು ಕೂತಳು. ಬೈಗುಳ ಬಾಯಿವರೆಗೂ ಬಂದು ಅಳುವಾಯ್ತು. "ನೋಡಿದ್ದು ನಿನ್ನನ್ನ ಕಣೋ ಮಂಕೆ, ನನ್ನನ್ನಲ್ಲ. ನಂದು ಇನ್ನು ಬರೋ ಮಂಗಳವಾರವೇ." ಕಣ್ಣು ಒರೆಸ್ಕೊಂಡು, ಸ್ಕ್ಯಾನ್ ಆದ್ಮೇಲೆ ತಿನ್ನೋಕೆ ತಂದಿದ್ದ ಚಿತ್ರಾನ್ನದ ಡಬ್ಬಿ ಬಿಚ್ಚಿದಳು.

ತುತ್ತು ಬಾಯಿಗಿಡೋ ಮೊದಲೇ ಮಗ ಡಬ್ಬಿ ಕಿತ್ಕೊಂಡ.

"ಸ್ಕ್ಯಾನ್ ಆಗೋವರೆಗೂ ತಿನ್ನಬಾರದು ಅಂದವ್ರೆ ಕಣವ್ವ. ನಂದಾಯ್ತು. ನೀನು ಬರೋ ಮಂಗಳವಾರದವರೆಗೂ ತಡ್ಕೊ" ಅಂತ ಅವಳ ಪಕ್ಕದಲ್ಲೇ ಕೂತು, ಡಬ್ಬಿ ಖಾಲಿ ಮಾಡಿದ.