ಮೂರು ನಿಮಿಷದ ಓಲೆ

ಕಪಿಲಾ ನದಿಯ ದಡದಲ್ಲಿ ಇಂದುಧರ ಮೇಷ್ಟ್ರ ಪುಟ್ಟ ಪ್ರಯೋಗಶಾಲೆ ಇತ್ತು. ಕಲಿಯಬೇಕೆಂದು ಬಂದವರು ಅಲ್ಲೇ ಉಂಡು, ಅಲ್ಲೇ ಮಲಗಿ, ಕಣ್ಣಿಗೆ ಕಾಣದ ಜೀವಿಗಳನ್ನು ಸಾಕುತ್ತಿದ್ದರು. ಊರಿನವರು ಅದನ್ನು ಆಶ್ರಮ ಎನ್ನುತ್ತಿದ್ದರು.

ನೀಲಾಂಬಿಕೆ ಬಂದ ಮೊದಲ ವಾರವೇ ಮೇಷ್ಟ್ರ ಜೊತೆ ವಾದಕ್ಕೆ ನಿಂತಳು.

ಬ್ಯಾಕ್ಟೀರಿಯಾದೊಳಗೆ ಇಂಥದ್ದು ಮಾಡು ಎಂಬ ಅಪ್ಪಣೆ ಹೊತ್ತು ಹೋಗುವುದು ಆರ್‌ಎನ್‌ಎ ಎಂಬ ಎಳೆ. ಜೀವಕೋಶ ಅದನ್ನು ಒಂದೊಂದೇ ಅಕ್ಷರ ಪೋಣಿಸಿ ಬರೆಯುತ್ತದೆ. ಮೂರು ನಿಮಿಷ ಆಗುವಷ್ಟರಲ್ಲಿ ಒಂದು ಕಿಣ್ವ ಬಂದು ಅದನ್ನು ಕತ್ತರಿಸಿ ಹಾಕುತ್ತದೆ. ಇದನ್ನು ನೀಲಾಳಿಗೆ ಸಹಿಸಲಾಗಲಿಲ್ಲ.

"ಇಷ್ಟು ಕಷ್ಟಪಟ್ಟು ಬರೆದ ಓಲೇನ ಹರಿದು ಹಾಕೋದು ಯಾಕೆ ಮೇಷ್ಟ್ರೇ?"

"ಹರಿಯದ ಹಾಗೆ ಮಾಡಿ ನೋಡು," ಎಂದರು ಮೇಷ್ಟ್ರು.

ಅವಳು ಅದನ್ನೇ ಹಿಡಿದುಕೊಂಡಳು. ಎರಡು ವರ್ಷ ಸಾವಿರಾರು ತಳಿಗಳನ್ನು ಬೆಳೆಸಿ, ನೋಡಿ, ಬಿಸಾಡಿ, ಕೊನೆಗೆ ತನಗೆ ಬೇಕಾದದ್ದನ್ನು ಕಂಡುಕೊಂಡಳು. ಆ ತಳಿಯ ಕಿಣ್ವ ತಂಪಿನಲ್ಲಿ ಎಂದಿನಂತೆ ಕತ್ತರಿಸುತ್ತಿತ್ತು. ಬಿಸಿ ಏರಿಸಿದರೆ ಕೈಕಟ್ಟಿ ಕೂರುತ್ತಿತ್ತು.

ಒಂದು ಸೋಮವಾರ ಬೆಳಿಗ್ಗೆ ಅವಳು ಬಿಸಿ ಏರಿಸಿದಳು. ಅರ್ಧ ಗಂಟೆ ಕಳೆದರೂ ಓಲೆಗಳು ಹಾಗೇ ಇದ್ದವು. ಒಂದು ಗಂಟೆ ಕಳೆಯಿತು, ಆಗಲೂ ಇದ್ದವು. ನೀಲಾ ಅಡುಗೆಮನೆಗೆ ಓಡಿ ಅಡುಗೆ ಮಾಡುವ ಮಾದಮ್ಮನಿಗೆ ಸುದ್ದಿ ಹೇಳಿದಳು. ಮಾದಮ್ಮನಿಗೆ ಏನೂ ಅರ್ಥವಾಗಲಿಲ್ಲ, ಆದರೂ ಸಜ್ಜಿಗೆ ಮಾಡಿ ಎಲ್ಲರಿಗೂ ಹಂಚಿದಳು. ಸಜ್ಜಿಗೆ ತಿನ್ನುತ್ತಲೇ ನೀಲಾ ತನ್ನ ಪ್ರಬಂಧದ ಮೊದಲ ಅಧ್ಯಾಯಕ್ಕೆ 'ಹಾಳುಮಾಡುವ ಕಿಣ್ವ' ಎಂದು ಹೆಸರಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಬ್ಯಾಕ್ಟೀರಿಯಾ ಬೆಳೆಯುವುದನ್ನೇ ನಿಲ್ಲಿಸಿದವು.

ತನ್ನದೇ ಏನೋ ತಪ್ಪು ಎಂದುಕೊಂಡು ಮಂಗಳವಾರ ಮತ್ತೆ ಮಾಡಿದಳು. ಬುಧವಾರವೂ ಮಾಡಿದಳು. ಪ್ರತಿ ಸಲವೂ ಓಲೆಗಳು ಹಾಗೇ ಉಳಿಯುತ್ತಿದ್ದವು, ಬೆಳವಣಿಗೆ ಮಾತ್ರ ನಿಂತುಹೋಗುತ್ತಿತ್ತು. ಗುರುವಾರ ನಾಲ್ಕನೆಯ ಫ್ಲಾಸ್ಕ್ ಕೂಡ ನಿಂತಾಗ ಅವಳು ಬ್ಯಾಗಿಗೆ ಬಟ್ಟೆ ತುಂಬಿ, ಫ್ಲಾಸ್ಕ್ ಹಿಡಿದು ಮೇಷ್ಟ್ರ ಮುಂದೆ ಬಂದು ನಿಂತಳು. ಎರಡು ವರ್ಷ ನೀರಿಗೆ ಹೋಯಿತು, ನಾಳೆಯ ಬಸ್ಸಿಗೆ ಊರಿಗೆ ಹೋಗುತ್ತೇನೆ, ಅಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿರುತ್ತೇನೆ ಎಂದಳು. ಇದನ್ನು ಚೆಲ್ಲಿಬಿಡಲೇ ಎಂದು ಕೇಳಿದಳು.

"ಚೆಲ್ಲು," ಎಂದರು ಮೇಷ್ಟ್ರು. "ಆದರೆ ಬಿಸಿಯಾಗಿದ್ದಾಗ ಚೆಲ್ಲಬೇಡ. ಅಲ್ಲಿ ನೆರಳಲ್ಲಿ ಕೂತು, ಮೆಲ್ಲಗೆ ಅಲ್ಲಾಡಿಸ್ತಾ ತಣ್ಣಗೆ ಮಾಡು."

ಹೋಗುವವಳಿಗೆ ಇದೆಂಥ ಕೆಲಸ ಎಂದು ಗೊಣಗಿಕೊಂಡರೂ ನೀಲಾ ಹೊಂಗೆ ಮರದ ಕೆಳಗೆ ಕೂತಳು. ಸ್ವಲ್ಪ ಹೊತ್ತಿಗೆ ಮೇಷ್ಟ್ರು ಅವಳ ಮೂರು ದಿನದ ಚಿತ್ರಗಳನ್ನು ತಂದು ಪಕ್ಕದಲ್ಲಿ ಹರಡಿದರು. ಉದ್ದುದ್ದ ಆರ್‌ಎನ್‌ಎಗಳು ಮೇಲೆ, ಚಿಕ್ಕವು ಕೆಳಗೆ ಕಪ್ಪು ಗೆರೆಗಳಾಗಿ ಕಾಣುವ ಚಿತ್ರಗಳು ಅವು. ಮೇಲಿನ ಒಂದು ದಪ್ಪ ಗೆರೆಯ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದರು.

ಕೊಳೆ ಇರಬೇಕು ಎಂದಳು ನೀಲಾ.

"ಮೂರು ದಿನವೂ ಅದೇ ಜಾಗದಲ್ಲಿ ಕೊಳೆಯೇ?"

ನೀಲಾ ಒಂದು ಕೈಯಲ್ಲಿ ಫ್ಲಾಸ್ಕ್ ಅಲ್ಲಾಡಿಸುತ್ತಲೇ ಇನ್ನೊಂದು ಕೈಯಿಂದ ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡಳು. ಗೆರೆಯ ಉದ್ದ ಲೆಕ್ಕ ಹಾಕಿದಳು. ಆಮೇಲೆ ಕೆಳಗೆ ನೋಡಿದಳು. ಇರಬೇಕಾದ ಒಂದು ಚಿಕ್ಕ ಗೆರೆ ಅಲ್ಲಿರಲಿಲ್ಲ.

ಪ್ರೋಟೀನ್ ಕಟ್ಟುವ ಯಂತ್ರದ ಒಂದು ಬಿಡಿಭಾಗ ಅದು. ಮೇಲೆ ದಪ್ಪ ಗೆರೆಯಾಗಿ ಕಂಡ ಉದ್ದನೆಯ ಎಳೆಯಿಂದ ಅದನ್ನು ಕತ್ತರಿಸಿ ತೆಗೆಯಬೇಕು. ಕತ್ತರಿಸುವವನೇ ಕೈಕಟ್ಟಿ ಕೂತಿದ್ದ. ಬಟ್ಟೆಯ ಥಾನು ಇತ್ತು, ಅಂಗಿ ಹೊಲಿದಿರಲಿಲ್ಲ.

"ಓಲೆ ಹರಿಯೋದೂ ಅದೇ, ಇದನ್ನ ರೂಪಿಸೋದೂ ಅದೇ," ಎಂದಳು ನೀಲಾ ನಿಧಾನವಾಗಿ. "ಎರಡೂ ಒಂದೇ ಕತ್ತರಿ."

ಮೇಷ್ಟ್ರು ಬ್ಯಾಕ್ಟೀರಿಯಾ ಬಿಟ್ಟು ಅವಳ ಮೈಯ ಮಾತು ತೆಗೆದರು. ನಮ್ಮ ಜೀವಕೋಶಗಳ ಒಳಗೆ ಮೈಟೊಕಾಂಡ್ರಿಯಗಳಿವೆ. ಅವೂ ಹಲವು ಅಪ್ಪಣೆಗಳನ್ನು ಒಂದೇ ಉದ್ದ ಎಳೆಯಾಗಿ ಬರೆಯುತ್ತವೆ. ಅಲ್ಲಿನ ಕತ್ತರಿಗಳು ಆ ಎಳೆಯನ್ನು ಬಿಡಿಸಿ ತುಂಡು ಮಾಡಿದ ಮೇಲೆಯೇ ಕೆಲಸ ಸಾಗುತ್ತದೆ ಎಂದು ಹೇಳಿದರು.

"ಈಗ ಫ್ಲಾಸ್ಕ್ ಅಲ್ಲಾಡಿಸ್ತಿದೀಯಲ್ಲ, ಆ ಕಸುವು ಬರೋದು ಅಲ್ಲಿಂದಲೇ ಕಣಮ್ಮ."

ನೀಲಾ ತನ್ನ ಕೈಯನ್ನೇ ನೋಡಿದಳು. ಎರಡು ವರ್ಷದಿಂದ ತಾನು ಬೈಯುತ್ತಿದ್ದದ್ದರ ನಂಟರು ಇದರೊಳಗೇ ದುಡಿಯುತ್ತಿದ್ದಾರೆ ಎನಿಸಿ ಅವಳಿಗೆ ನಗು ಬಂತು. ಮೊದಲು ಸಣ್ಣಗೆ ನಕ್ಕಳು, ಆಮೇಲೆ ತಡೆಯಲಾರದೆ ನಕ್ಕಳು. ಬುತ್ತಿ ಹಿಡಿದು ಬಂದ ಮಾದಮ್ಮ, ಏನಾಯಿತೆಂದು ಕೇಳದೆ ತಾನೂ ನಕ್ಕಳು.

ಮೊಸರನ್ನ ಉಂಡಾಯಿತು. ಬಿಸಿಲು ಇಳಿಯುತ್ತಾ ಬಂತು. ಕೈ ಸೋತು ನೀಲಾ ಫ್ಲಾಸ್ಕನ್ನು ಬೆಳಕಿಗೆ ಹಿಡಿದಳು. ಮೊದಲಿಗಿಂತ ಮಬ್ಬಾಗಿತ್ತು. ನಂಬದೆ ಒಳಗೆ ಹೋಗಿ ಅಳೆದಳು. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಅಳೆದಳು.

ಬ್ಯಾಕ್ಟೀರಿಯಾ ಮತ್ತೆ ಬೆಳೆಯುತ್ತಿದ್ದವು. ತಂಪಿಗೆ ಕಿಣ್ವ ಎಚ್ಚತ್ತು ಕೆಲಸ ಹಿಡಿದಿತ್ತು.

ಅವಳು ಎಲ್ಲರನ್ನೂ ಕರೆದು ಫ್ಲಾಸ್ಕ್ ತೋರಿಸಿದಳು. ಚೆಲ್ಲುವ ಮಾತು ಯಾರೂ ಎತ್ತಲಿಲ್ಲ. ಬ್ಯಾಗಿನಿಂದ ಪ್ರಬಂಧ ತೆಗೆದು ಮೊದಲ ಅಧ್ಯಾಯದ ಹೆಸರಿಗೆ ಅಡ್ಡಗೆರೆ ಎಳೆದಳು. ಹೊಸ ಹೆಸರು ಹೊಳೆಯಲಿಲ್ಲ. ಅಷ್ಟು ಜಾಗ ಖಾಲಿ ಬಿಟ್ಟಳು.

ಸಂಜೆ ಮೇಷ್ಟ್ರು ನದಿಯ ಮೆಟ್ಟಿಲ ಮೇಲೆ ಕೂತಿದ್ದರು. ನೀಲಾ ಹೋಗಿ ಒಂದು ಮೆಟ್ಟಿಲು ಕೆಳಗೆ ಕೂತಳು. ಅವಳಿಗೆ ಇನ್ನೂ ಒಂದು ಅನುಮಾನ ಉಳಿದಿತ್ತು.

"ಕತ್ತರಿಸೋದು ಬೇಕು ಅನ್ನೋದು ತಿಳೀತು ಮೇಷ್ಟ್ರೇ. ಆದರೂ ಹರಿದ ಆ ಓಲೆಗಳ ಬಗ್ಗೆ ಸಂಕಟ ಆಗುತ್ತೆ. ಆ ಚೂರೆಲ್ಲ ಏನಾಗುತ್ತೆ?"

ಮೇಷ್ಟ್ರು ನಕ್ಕರು.

"ಜೀವಕೋಶ ಈಗ ಬರೀತಿರೋ ಹೊಸ ಓಲೆಗೆ ಅಕ್ಷರ ಎಲ್ಲಿಂದ ಬಂತು ಅಂದುಕೊಂಡೆ?"